ಮನೆ ಬಿಟ್ಟರೂ ಊರು ಬಿಡದ ಸಂತ

ಸಂತರು ಎಂದೊಡನೆ ನಿಮ್ಮ ಕಣ್ಣ ಮುಂದೆ ಯಾರು ಬರುತ್ತಾರೆ? ಗುರುಗಳು, ಕನ್ಯಾಸ್ತ್ರೀಯರು, ರಕ್ತಸಾಕ್ಷಿಗಳು. ದನ ಮೇಯಿಸಿ, ಹುಲ್ಲು ಕೊಯ್ದು, ಹತ್ತು ಮಕ್ಕಳನ್ನು ಹೆತ್ತು ಸಾಕಿದ ಒಬ್ಬ ರೈತ ನೆನಪಿಗೆ ಬರುವುದು ಅಪರೂಪ. ಆ ರೈತ ಕತ್ತಿ ಹಿಡಿದು ಯುದ್ಧಕ್ಕೂ ಹೋಗಿ ಬಂದವರೆಂದರೆ ಇನ್ನೂ ಆಶ್ಚರ್ಯವಾಗಬಹುದು. ಸ್ವಿಟ್ಜರ್‌ಲೆಂಡಿನ ಪಾಲಕ ಸಂತರಾದ ಫ್ಲೂಯೆಯ ಸಂತ ನಿಕೊಲಸರು ಅಂಥವರು. ಅವರ ನಾಡಿನ ಜನ ಇಂದಿಗೂ ಅವರನ್ನು ಸಹೋದರ ಕ್ಲೌಸ್ ಎಂದೇ ಪ್ರೀತಿಯಿಂದ ಕರೆಯುತ್ತಾರೆ.

ನಿಕೊಲಸರು ಹುಟ್ಟಿದ್ದು 1417ರಲ್ಲಿ, ಒಬ್ವಾಲ್ಡನ್ ಸೀಮೆಯ ಸಾಕ್ಸೆಲ್ನ್ ಬಳಿಯ ಫ್ಲೂಯೆಲಿ ಎಂಬ ಬೆಟ್ಟದ ಹಳ್ಳಿಯಲ್ಲಿ. ಮನೆತನ ಅನುಕೂಲಸ್ಥರದು, ಕಸುಬು ಬೇಸಾಯ ಮತ್ತು ದನಗಾರಿಕೆ. ಓದು ಬರಹ ಅವರಿಗೆ ಬರುತ್ತಿರಲಿಲ್ಲ. ಆಗ ಸ್ವಿಟ್ಜರ್‌ಲೆಂಡ್ ಈಗಿನಂತೆ ಒಂದೇ ದೇಶವಾಗಿರಲಿಲ್ಲ. ಎಂಟು ಸೀಮೆಗಳು ಸೇರಿ ಮಾಡಿಕೊಂಡ ಒಂದು ಒಕ್ಕೂಟವಷ್ಟೇ ಆಗಿತ್ತು. ಯುದ್ಧದ ಕರೆ ಬಂದರೆ ರೈತರೇ ಆಯುಧ ಹಿಡಿದು ಹೊರಡಬೇಕಾಗಿತ್ತು. 1440ರ ದಶಕದ ಜೂರಿಕ್ ಯುದ್ಧದಲ್ಲಿ, ಮತ್ತೆ 1460ರ ತುರ್ಗೌ ದಂಡಯಾತ್ರೆಯಲ್ಲಿ ನಿಕೊಲಸರೂ ಹೋರಾಡಿದರೆಂದು ಅವರ ಚರಿತ್ರೆ ಹೇಳುತ್ತದೆ. ಸೈನ್ಯದಲ್ಲಿ ನಾಯಕನ ಸ್ಥಾನಕ್ಕೂ ಏರಿದರು. ಒಂದು ಕೈಯಲ್ಲಿ ಕತ್ತಿ, ಇನ್ನೊಂದು ಕೈಯಲ್ಲಿ ಜಪಸರ ಹಿಡಿದಿರುತ್ತಿದ್ದರೆಂದು ಜನ ನೆನೆಯುತ್ತಾರೆ. ಶತ್ರುಗಳು ಅಡಗಿದ್ದ ಒಂದು ಕನ್ಯಾಮಠಕ್ಕೆ ಬೆಂಕಿಯಿಡಲು ಹೊರಟಿದ್ದ ತಮ್ಮ ಸಂಗಡಿಗರನ್ನು ಅವರೇ ತಡೆದರೆಂಬ ಕಥೆಯೂ ಪರಂಪರೆಯಲ್ಲಿ ಉಳಿದು ಬಂದಿದೆ.

ಸುಮಾರು 1446ರಲ್ಲಿ ಅವರು ಡೊರೊತೆಯಾ ವೀಸ್ ಎಂಬ ಯುವತಿಯನ್ನು ಮದುವೆಯಾದರು. ಐದು ಗಂಡು, ಐದು ಹೆಣ್ಣು ಮಕ್ಕಳು ಹುಟ್ಟಿದರು. ಆ ಸಂಸಾರ ಬಾಳಿದ ಮರದ ಮನೆ ಫ್ಲೂಯೆಲಿಯಲ್ಲಿ ಇಂದಿಗೂ ಇದೆ. ಊರಿನವರು ನಿಕೊಲಸರನ್ನು ನಾಡಿನ ಸಭೆಯ ಸದಸ್ಯರನ್ನಾಗಿಯೂ ನ್ಯಾಯಾಧೀಶರನ್ನಾಗಿಯೂ ಆರಿಸಿದರು. 1462ರಲ್ಲಿ ಏಂಗೆಲ್‌ಬರ್ಗ್ ಮಠಕ್ಕೂ ಸ್ಟಾನ್ಸ್ ಧರ್ಮಕೇಂದ್ರದ ಜನರಿಗೂ ವ್ಯಾಜ್ಯ ಬಂದಾಗ ಮಧ್ಯಸ್ಥರಾಗಿ ಕುಳಿತವರಲ್ಲಿ ಅವರೂ ಒಬ್ಬರು. ಆದರೆ ನಾಡಿನ ಅತಿ ದೊಡ್ಡ ಹುದ್ದೆ ತಾನಾಗಿಯೇ ಬಂದರೂ ಅವರು ಒಲ್ಲೆನೆಂದರು. ನ್ಯಾಯಪೀಠದಲ್ಲಿ ಹಣ, ಪ್ರಭಾವ ತೀರ್ಪು ಕೊಡುವುದನ್ನು ಕಂಡು ನೊಂದು, ಸುಮಾರು 1465ರಲ್ಲಿ ಇದ್ದ ಹುದ್ದೆಗಳನ್ನೂ ಬಿಟ್ಟರು.

ಇನ್ನು ಮುಂದಿನದು ನಮ್ಮ ಕುಟುಂಬಗಳಲ್ಲಿ ಅನೇಕರಿಗೆ ನುಂಗಲಾರದ ಮಾತು. ಒಬ್ಬರೇ ಇದ್ದು ದೇವರನ್ನು ಧ್ಯಾನಿಸಬೇಕೆಂಬ ಹಂಬಲ ಅವರನ್ನು ಎಳವೆಯಿಂದಲೂ ಬಿಟ್ಟಿರಲಿಲ್ಲ. 1467ರ ಅಕ್ಟೋಬರ್ 16ರಂದು, ಐವತ್ತರ ವಯಸ್ಸಿನಲ್ಲಿ, ಅವರು ಹೆಂಡತಿ ಮಕ್ಕಳನ್ನು ಬಿಟ್ಟು ಹೊರಟರು. ಕೊನೆಯ ಮಗು ಇನ್ನೂ ತೊಟ್ಟಿಲಲ್ಲಿತ್ತು. ಹೊಲಮನೆ ನೋಡಿಕೊಳ್ಳಲು ಇಪ್ಪತ್ತರ ಹರೆಯದ ಹಿರಿಯ ಮಗನಿದ್ದ, ನಿಜ. ಆದರೂ ಇದು ಸರಿಯೇ ಎಂದು ನೀವು ಕೇಳಬಹುದು. ಕೇಳಲೇಬೇಕು. ಒಂದು ಮಾತನ್ನು ಮಾತ್ರ ಮರೆಯದಿರಿ: ಡೊರೊತೆಯಾ ಒಪ್ಪದೆ ಅವರು ಹೊಸ್ತಿಲು ದಾಟಲಿಲ್ಲ. ಆ ಒಪ್ಪಿಗೆ ಆ ತಾಯಿಗೆ ಸುಲಭವಾಗಿರಲಾರದು. ನಿಕೊಲಸರು ದೇವರಿಗೆ ಕೊಟ್ಟದ್ದರಲ್ಲಿ ಅರ್ಧ ಆಕೆಯ ಪಾಲು. ಜಗದ್ಗುರು ಎರಡನೇ ಜಾನ್ ಪಾಲ್‌ರವರು 1984ರ ಜೂನ್‌ನಲ್ಲಿ ಫ್ಲೂಯೆಲಿಗೆ ಬಂದಾಗ ಡೊರೊತೆಯಾರನ್ನೂ ಗೌರವದಿಂದ ಸ್ಮರಿಸಿದರು.

ನಿಕೊಲಸರು ಪರದೇಶಕ್ಕೆ ಹೋಗಬೇಕೆಂದು ಬಾಸೆಲ್ ನಗರದ ಹತ್ತಿರದವರೆಗೆ ನಡೆದರು. ಆದರೆ ಅಲ್ಲಿಂದಲೇ ಹಿಂದಿರುಗಿದರು. ಕೊನೆಗೆ ನೆಲೆ ನಿಂತದ್ದು ತಮ್ಮ ಮನೆಯಿಂದ ಕೆಲವೇ ನಿಮಿಷಗಳ ಇಳಿದಾರಿಯಲ್ಲಿರುವ ರಾನ್ಫ್ಟ್ ಎಂಬ ಕಣಿವೆಯಲ್ಲಿ. 1468ರಲ್ಲಿ ಊರ ಜನರೇ ಅಲ್ಲಿ ಒಂದು ಪ್ರಾರ್ಥನಾಲಯವನ್ನೂ ಅದಕ್ಕೆ ಅಂಟಿಕೊಂಡಂತೆ ಪುಟ್ಟ ಕೋಣೆಯನ್ನೂ ಕಟ್ಟಿಕೊಟ್ಟರು. ಆ ಕೋಣೆಯ ಒಂದು ಕಿಟಕಿ ಬಲಿಪೀಠದ ಕಡೆಗೆ, ಇನ್ನೊಂದು ಹೊರಗೆ ಬಂದು ನಿಂತ ಜನರ ಕಡೆಗೆ. ಅಲ್ಲಿ ಸುಮಾರು ಇಪ್ಪತ್ತು ವರ್ಷ ಅವರು ಅನ್ನಾಹಾರವಿಲ್ಲದೆ ಪರಮಪ್ರಸಾದದಿಂದಲೇ ಬದುಕಿದರೆಂದು ಅವರ ಕಾಲದವರು ಸಾಕ್ಷಿ ನುಡಿದಿದ್ದಾರೆ. ಸಂಶಯಗೊಂಡ ಅಧಿಕಾರಿಗಳು ಕಾವಲು ಹಾಕಿಸಿ ನೋಡಿದರು. ಊಟ ತಂದುಕೊಡುವವರು ಯಾರೂ ಸಿಗಲಿಲ್ಲ.

ಹೊರಗಿನ ಆ ಕಿಟಕಿಗೆ ರೈತರೂ ಬಂದರು, ರಾಜರ ದೂತರೂ ಬಂದರು. ಅವರ ಸೇವೆಯ ದೊಡ್ಡ ದಿನ ಬಂದದ್ದು 1481ರ ಡಿಸೆಂಬರಿನಲ್ಲಿ. ಒಕ್ಕೂಟದವರು ಬರ್ಗಂಡಿಯ ಪ್ರಬಲ ದೊರೆ ಚಾರ್ಲ್ಸ್‌ನನ್ನು ಸೋಲಿಸಿದ್ದರು. 1477ರಲ್ಲಿ ನಾನ್ಸಿಯ ರಣರಂಗದಲ್ಲಿ ಅವನು ಸತ್ತಿದ್ದ. ಗೆದ್ದ ಮೇಲೆ ಲೂಟಿಯ ಪಾಲಿಗಾಗಿ ಅವರೊಳಗೇ ಜಗಳ ಹತ್ತಿತು. ಫ್ರೈಬೂರ್ಗ್, ಸೊಲೊಥುರ್ನ್ ನಗರಗಳನ್ನು ಸೇರಿಸಿಕೊಳ್ಳಬೇಕೆಂದು ನಗರದವರು, ಕೂಡದೆಂದು ಹಳ್ಳಿಯ ಸೀಮೆಗಳವರು. ಸ್ಟಾನ್ಸ್‌ನಲ್ಲಿ ಸೇರಿದ ಸಭೆ ಮುರಿದುಬೀಳುವ ಹಂತಕ್ಕೆ ಬಂತು. ಅಣ್ಣತಮ್ಮಂದಿರಂತಿದ್ದವರ ನಡುವೆ ಯುದ್ಧವೇ ಆಗುವ ಭಯ ಹುಟ್ಟಿತು. ಆ ರಾತ್ರಿ ಸ್ಟಾನ್ಸ್‌ನ ಗುರುಗಳಾದ ಹೈಮೊ ಆಮ್‌ಗ್ರುಂಡ್ ಚಳಿಯಲ್ಲಿ ನಡೆದು ರಾನ್ಫ್ಟಿಗೆ ಹೋದರು. ಮರಳಿ ಬಂದು, ಹೊರಟು ನಿಂತಿದ್ದ ಪ್ರತಿನಿಧಿಗಳನ್ನು ಮನೆಮನೆಗೆ ಹೋಗಿ ಕೂಡಿಸಿ, ಕ್ಲೌಸರ ಸಂದೇಶವನ್ನು ತಿಳಿಸಿದರು. ಆ ಸಂದೇಶದ ಮಾತುಗಳನ್ನು ಯಾರೂ ಬರೆದಿಡಲಿಲ್ಲ. ಆದರೆ ಡಿಸೆಂಬರ್ 22ರಂದು ಒಪ್ಪಂದವಾಯಿತು. ಎರಡೂ ನಗರಗಳು ಒಕ್ಕೂಟಕ್ಕೆ ಸೇರಿದವು. ಸಂತೋಷದಿಂದ ಗಂಟೆಗಳು ಮೊಳಗಿದವು.

ಯೋಚಿಸಿ ನೋಡಿ. ಆ ಸಭೆಗೆ ಅವರು ಸ್ವತಃ ಹೋಗಲೇ ಇಲ್ಲ. ಅವರಲ್ಲಿ ಅಧಿಕಾರವಿರಲಿಲ್ಲ, ಹಣವಿರಲಿಲ್ಲ. ಯುದ್ಧವೆಂದರೇನೆಂದು ಕಣ್ಣಾರೆ ಕಂಡವರು, ಯಾವ ಪಕ್ಷದಿಂದಲೂ ಏನನ್ನೂ ಬಯಸದವರು ಎಂಬ ನಂಬಿಕೆ ಎರಡೂ ಕಡೆಯವರಿಗೆ ಇತ್ತು. ಕತ್ತಿಯಿಂದ, ಹುದ್ದೆಯಿಂದ ಸಾಧ್ಯವಾಗದ ಸೇವೆ ಆ ನಂಬಿಕೆಯಿಂದ ಆಯಿತು.

1487ರ ಮಾರ್ಚ್ 21ರಂದು ಸಹೋದರ ಕ್ಲೌಸ್ ತಮ್ಮ ಕೋಣೆಯಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ಸಾಕ್ಸೆಲ್ನ್ ದೇವಾಲಯದಲ್ಲಿ ಅವರ ಸಮಾಧಿಯಿದೆ. 1947ರ ಮೇ 15ರಂದು ಜಗದ್ಗುರು ಹನ್ನೆರಡನೇ ಪಿಯುಸ್‌ರವರು ಅವರನ್ನು ಸಂತರೆಂದು ಘೋಷಿಸಿದರು. ಅವರ ನಾಡಿನ ಪ್ರೊಟೆಸ್ಟೆಂಟ್ ಕ್ರೈಸ್ತರೂ ಅವರನ್ನು ಗೌರವಿಸುತ್ತಾರೆ.

ನಮ್ಮ ಊರುಗಳಲ್ಲೂ ಬದುವಿನ ಜಗಳವಿದೆ, ಪಾಲಿನ ಜಗಳವಿದೆ, ಒಂದೇ ಪೂಜೆಗೆ ಬಂದು ಮುಖ ತಿರುಗಿಸಿ ಹೋಗುವ ಅಣ್ಣತಮ್ಮಂದಿರಿದ್ದಾರೆ. ಸ್ವಿಟ್ಜರ್‌ಲೆಂಡಿನಲ್ಲಿ ಈ ಸಂತರ ಹಬ್ಬ ಸೆಪ್ಟೆಂಬರ್ 25ರಂದು. ಆ ಸಂಜೆ ಮನೆಯ ಪ್ರಾರ್ಥನೆಯಲ್ಲಿ ನೀವು ಮಾತು ಬಿಟ್ಟ ಒಬ್ಬರನ್ನು ನೆನೆಯಿರಿ. ಸಾಧ್ಯವಾದರೆ ಮರುದಿನ ಹೈಮೊ ಗುರುಗಳಂತೆ ನೀವೇ ಮೊದಲು ಅವರ ಮನೆಗೆ ನಡೆದು ಹೋಗಿ.