ಕೋವಿಯ ಶಿಲ್ಪಿ ಜಾನ್ ಮೋಸಸ್ ಬ್ರೌನಿಂಗ್

ಆಯುಧಕ್ಕೆ ಪೂಜೆ ಸಲ್ಲಿಸುವ ನಾಡು ನಮ್ಮದು. ಮಹಾನವಮಿಯಂದು ಕತ್ತಿ ಕೋವಿಗಳಿಗೆ ಮಾತ್ರವಲ್ಲದೆ ವ್ಯಾಪಾರಿಯ ತಕ್ಕಡಿಗೂ, ಬಡಗಿಯ ಉಳಿಗೂ, ಪರಸ್ಥಳಗಳಲ್ಲಿ ನಮ್ಮವರು ನಡೆಸುವ ಉಪಾಹಾರಗೃಹಗಳ ರುಬ್ಬುಗಲ್ಲಿಗೂ ಕುಂಕುಮವನ್ನಿಟ್ಟು ಕೈಮುಗಿಯುತ್ತೇವೆ. ಆದರೆ ಆ ಆಯುಧವನ್ನು ನಿರ್ಮಿಸಿದ ಕೈ ಯಾವುದೆಂದು ವಿಚಾರಿಸುವವರು ವಿರಳ. ಇಪ್ಪತ್ತನೆಯ ಶತಮಾನದ ಕೋವಿಗಳ ಮಟ್ಟಿಗೆ ಹೇಳುವುದಾದರೆ, ಆ ಕೈಗಳಲ್ಲಿ ಅಗ್ರಗಣ್ಯವಾದುದು ಅಮೇರಿಕೆಯ ಜಾನ್ ಮೋಸಸ್ ಬ್ರೌನಿಂಗನದು. ಮನೆಯ ಕಾವಲಿಗೆಂದೂ ಬೇಟೆಗೆಂದೂ ಲಕ್ಷಾಂತರ ಗೃಹಸ್ಥರು ನಂಬಿದ ಅರೆ ಸ್ವಯಂಚಾಲಿತ ಚೆರೆಕೋವಿಯನ್ನು ಲೋಕಕ್ಕೆ ಮೊದಲು ಕೊಟ್ಟವನು ಆತನೇ. ಅದನ್ನು ಕೊಡುವುದಕ್ಕಾಗಿ ಆತನು ಹತ್ತೊಂಬತ್ತು ವರ್ಷಗಳ ವ್ಯವಹಾರಸಂಬಂಧವನ್ನು ಕಡಿದುಕೊಂಡು ಸಮುದ್ರವನ್ನು ದಾಟಬೇಕಾಯಿತು. ಆ ವೃತ್ತಾಂತವು ವಾಚಕರಿಗೆ, ಅದರಲ್ಲೂ ಸ್ವಂತ ಊರನ್ನು ಬಿಟ್ಟು ದುಡಿಮೆಯ ಬೆಲೆಯನ್ನರಸಿ ಬಂದ ನಮ್ಮಂಥವರಿಗೆ, ತಿಳಿದಿರತಕ್ಕದ್ದು.

ಬ್ರೌನಿಂಗನು 1855ನೆಯ ಇಸವಿ ಜನವರಿ 23ರಂದು ಯೂಟಾ ಪ್ರಾಂತದ ಆಗ್ಡನ್ ಎಂಬ ಊರಿನಲ್ಲಿ ಜನಿಸಿದನು. ತಂದೆ ಜೋನಾಥನನು ಕೋವಿ ಮಾಡುವ ಕಮ್ಮಾರ. ಮಾರ್ಮನ್ ಪಂಥವನ್ನು ಸೇರಿ, ಆ ಪಂಥದವರೊಡನೆ ಪಶ್ಚಿಮದ ಮರುಭೂಮಿಗೆ ವಲಸೆ ಬಂದವನು. ಮೂವರು ಪತ್ನಿಯರಲ್ಲಿ ಇಪ್ಪತ್ತೆರಡು ಮಕ್ಕಳನ್ನು ಪಡೆದ ಆ ದೊಡ್ಡ ಸಂಸಾರಕ್ಕೆ ಸಣ್ಣ ಕುಲುಮೆಯೊಂದೇ ಆಧಾರ. ಹೊಸ ವಸತಿಯಲ್ಲಿ ನೇಗಿಲಿನಿಂದ ಹಿಡಿದು ಬಂದೂಕಿನವರೆಗೆ ಮುರಿದದ್ದೆಲ್ಲವೂ ಅಲ್ಲಿಗೇ ಬರುತ್ತಿದ್ದಿತು. ಬಾಲಕ ಜಾನನ ವಿದ್ಯಾಭ್ಯಾಸವು ಊರಿನ ಶಾಲೆಯೊಡನೆ ಮುಗಿಯಿತು. ಅವನ ನಿಜವಾದ ಪಾಠಶಾಲೆಯು ತಂದೆಯ ಕುಲುಮೆಯ ಮೂಲೆಯಲ್ಲಿದ್ದ ಮುರುಕು ಕಬ್ಬಿಣದ ರಾಶಿಯಾಗಿತ್ತು. ಹತ್ತು ವರ್ಷದ ಪ್ರಾಯದಲ್ಲಿಯೇ ಆ ರಾಶಿಯಿಂದ ಹಳೆಯ ನಳಿಗೆಯೊಂದನ್ನು ಆರಿಸಿ, ಮರದ ತುಂಡಿಗೆ ತಂತಿಯಿಂದ ಬಿಗಿದು, ಹಕ್ಕಿಗಳನ್ನು ಹೊಡೆದು ತಂದನೆಂದು ಅವನ ಮನೆತನದವರು ಹೇಳಿಕೊಂಡು ಬಂದಿದ್ದಾರೆ.

1879ನೆಯ ಇಸವಿಯು ಅವನ ಬಾಳಿನಲ್ಲಿ ಗಣನೀಯವಾದುದು. ಆ ವರ್ಷ ಆತನು ವಿವಾಹವಾದನು, ತಂದೆಯು ಕಾಲವಾದನು, ಅಕ್ಟೋಬರದಲ್ಲಿ ಆತನ ಮೊದಲನೆಯ ಪೇಟೆಂಟು ಮಂಜೂರಾಯಿತು. ಅದು ಒಂದೇ ಗುಂಡಿನ ರೈಫಲು. ಸಹೋದರರನ್ನು ಕೂಡಿಕೊಂಡು, ಆಗ್ಡನಿನ ಚಿಕ್ಕ ಕಾರಖಾನೆಯಲ್ಲಿ ಸುಮಾರು ಆರು ನೂರು ರೈಫಲುಗಳನ್ನು ಮಾಡಿ ಮಾರಿದನು. ಅವುಗಳಲ್ಲೊಂದು ಪೂರ್ವತೀರದ ಪ್ರಸಿದ್ಧ ವಿಂಚೆಸ್ಟರ್ ಕಂಪೆನಿಯವರ ಕಣ್ಣಿಗೆ ಬಿದ್ದಿತು. 1883ರಲ್ಲಿ ಆ ಕಂಪೆನಿಯ ಬೆನೆಟ್ ಎಂಬ ಅಧಿಕಾರಿಯು ಸ್ವತಃ ಆಗ್ಡನಿಗೆ ಬಂದು 8,000 ಡಾಲರು ತೆತ್ತು ಹಕ್ಕನ್ನು ಕೊಂಡನು. ಅಂದಿನಿಂದ ಬ್ರೌನಿಂಗನು ಮಾದರಿಯನ್ನು ಮಾಡುವುದು, ವಿಂಚೆಸ್ಟರಿನವರು ಒಮ್ಮೆಗೇ ಹಣ ಕೊಟ್ಟು ಕೊಳ್ಳುವುದು, ಹೀಗೆ ಪದ್ಧತಿಯೇ ಏರ್ಪಟ್ಟಿತು. 1886, 1892, 1894ರ ಸುಪ್ರಸಿದ್ಧ ರೈಫಲುಗಳೂ 1897ರ ಚೆರೆಕೋವಿಯೂ ಹೀಗೆಯೇ ಹೊರಬಂದವು. ವಿಂಚೆಸ್ಟರಿನವರು ಆತನಿಂದ ಕೊಂಡ ಮಾದರಿಗಳಲ್ಲಿ ಹೆಚ್ಚಿನವು ಎಂದೂ ತಯಾರಾಗಲಿಲ್ಲ. ಪ್ರತಿಸ್ಪರ್ಧಿಗಳ ಕೈಗೆ ಅವು ಸೇರದಿದ್ದರೆ ಸಾಕೆಂಬುದೇ ಅವರ ಲೆಕ್ಕಾಚಾರವಾಗಿತ್ತು.

ಇಷ್ಟರಲ್ಲಿ ಬ್ರೌನಿಂಗನ ಮನಸ್ಸು ಬೇರೊಂದು ಕಡೆಗೆ ಹರಿದಿದ್ದಿತು. ಕೋವಿಯು ಹಾರಿದಾಗ ನಳಿಗೆಯ ಬಾಯಿಂದ ಹೊಮ್ಮುವ ಗಾಳಿಗೆ ಮುಂದಿನ ಹುಲ್ಲುಪೊದೆಗಳು ಬಾಗುವುದನ್ನು ಆತನು 1889ರಲ್ಲಿ ಗಮನಿಸಿದನು. ಹೀಗೆ ವ್ಯರ್ಥವಾಗಿ ಹೋಗುವ ಶಕ್ತಿಯಿಂದಲೇ ಕೋವಿಯು ತನ್ನನ್ನು ತಾನು ಮತ್ತೆ ತುಂಬಿಕೊಳ್ಳುವಂತೆ ಮಾಡಬಾರದೇಕೆ ಎಂಬ ಯೋಚನೆಯು ಹುಟ್ಟಿತು. ಅದರ ಫಲವಾಗಿ ಯಂತ್ರಬಂದೂಕೂ, ಪಿಸ್ತೂಲುಗಳೂ ಒಂದೊಂದಾಗಿ ರೂಪುಗೊಂಡವು. ಆದರೆ ಎಲ್ಲಕ್ಕಿಂತ ಕಠಿನವಾದುದು ಚೆರೆಕೋವಿ. ರೈಫಲಿನ ತೋಟಾಗಳೆಲ್ಲ ಒಂದೇ ಬಲದವು. ಚೆರೆಯ ತೋಟಾಗಳಾದರೋ ಒಂದು ಹಗುರ, ಇನ್ನೊಂದು ಬಲು ಬಿರುಸು. ಮೇಲಾಗಿ ಅಂದಿನ ಕಾಗದದ ತೋಟಾಗಳು ತೇವಕ್ಕೆ ಉಬ್ಬಿಕೊಳ್ಳುತ್ತಿದ್ದವು. ಇವೆಲ್ಲವನ್ನೂ ತಡೆಯಿಲ್ಲದೆ ನುಂಗಿ ಉಗುಳಬಲ್ಲ ಯಂತ್ರವನ್ನು ಆತನು 1898ರ ಸುಮಾರಿಗೆ ರೂಪಿಸಿದನು. 1900ನೆಯ ಇಸವಿ ಅಕ್ಟೋಬರ 9ರಂದು ಅದಕ್ಕೆ ಪೇಟೆಂಟು ದೊರೆಯಿತು.

ಅದರ ರಚನೆಯನ್ನು ಸ್ವಲ್ಪ ವಿವರಿಸುವುದು ಉಚಿತ. ಗುಂಡು ಹಾರಿದೊಡನೆ ನಳಿಗೆಯೂ ಅದನ್ನು ಹಿಂದಿನಿಂದ ಮುಚ್ಚಿದ ಅಗುಳಿಯೂ ಒಂದಕ್ಕೊಂದು ಬಿಗಿದುಕೊಂಡೇ, ತೋಟಾದ ಉದ್ದಕ್ಕಿಂತ ಹೆಚ್ಚು ದೂರ ಹಿಂದೆ ಸರಿಯುತ್ತವೆ. ಅನಂತರ ಅಗುಳಿಯು ಅಲ್ಲಿಯೇ ನಿಲ್ಲುತ್ತದೆ. ನಳಿಗೆಯು ಸ್ಪ್ರಿಂಗಿನ ಬಲದಿಂದ ಮುಂದೋಡುತ್ತದೆ. ಬರಿದಾದ ತೋಟಾವು ಹೊರಗೆ ಚಿಮ್ಮುತ್ತದೆ. ಹೊಸ ತೋಟಾವು ಮೇಲೇರಿದೊಡನೆ ಅಗುಳಿಯು ಅದನ್ನು ತಳ್ಳಿಕೊಂಡು ಮುಂದೆ ಹೋಗಿ ಮುಚ್ಚಿಕೊಳ್ಳುತ್ತದೆ. ಇಷ್ಟೆಲ್ಲ ನಡೆಯುವುದು ಕಣ್ಣು ಮಿಟುಕಿಸುವಷ್ಟರಲ್ಲಿ. ಕುದುರೆಯನ್ನು ಪ್ರತಿಸಲ ಎಳೆದಾಗಲೂ ಒಂದೇ ಗುಂಡು; ಒಟ್ಟು ಐದು ಗುಂಡು.

ಬ್ರೌನಿಂಗನ ಜಾಣ್ಮೆಯು ವಿಶೇಷವಾಗಿ ಎದ್ದು ಕಾಣುವುದು ನಳಿಗೆಯ ಕೆಳಗೆ ಅಡಗಿರುವ ಎರಡು ಸಣ್ಣ ಭಾಗಗಳಲ್ಲಿ. ಒಂದು ಕಂಚಿನ ತುಂಡು, ಇನ್ನೊಂದು ಉಕ್ಕಿನ ಉಂಗುರ. ಬಿರುಸಾದ ತೋಟಾಗಳನ್ನು ಹಾರಿಸುವಾಗ ಉಂಗುರವನ್ನು ಕಂಚಿನ ತುಂಡಿಗೂ ಸ್ಪ್ರಿಂಗಿಗೂ ನಡುವೆ ಇಡಬೇಕು. ಆಗ ಅದು ಕಂಚನ್ನು ಒತ್ತಿ, ಗಾಡಿಯ ಚಕ್ರಕ್ಕೆ ಬಿರಿಯಂತೆ, ನಳಿಗೆಯ ಓಟವನ್ನು ತಡೆಯುತ್ತದೆ. ಹಗುರ ತೋಟಾಗಳಿಗೆ ಉಂಗುರವನ್ನು ಸ್ಪ್ರಿಂಗಿನ ಹಿಂದಿನ ತುದಿಗೆ ಬದಲಾಯಿಸಬೇಕು. ಇದನ್ನರಿಯದವರು ಕೋವಿಯನ್ನೇ ದೂರಿದ್ದುಂಟು. ಬಿರಿ ಬಿಗಿಯಾಗಿದ್ದು ತೋಟಾ ಹಗುರವಾದರೆ ಯಂತ್ರವು ಅರ್ಧದಲ್ಲಿ ನಿಲ್ಲುವುದು. ಬಿರಿ ಸಡಿಲವಾಗಿದ್ದು ತೋಟಾ ಬಿರುಸಾದರೆ ಭುಜಕ್ಕೆ ಪೆಟ್ಟು ಬೀಳುವುದಲ್ಲದೆ ಮುಂಗಡೆಯ ಮರವೂ ಸೀಳುವುದು. ತೋಟಾ ಕೊಳವೆಗೆ ಎಣ್ಣೆಯನ್ನು ತೆಳ್ಳಗೆ ಸವರಬೇಕು. ಸುರಿದರೆ ಬಿರಿಯು ಜಾರುವುದು. ಮನೆಯ ರಕ್ಷಣೆಗೆಂದು ಇಟ್ಟ ಕೋವಿಯು ಸಮಯಕ್ಕೆ ಒದಗುವುದೂ ಕೈಕೊಡುವುದೂ ಇಂಥ ಅಲ್ಪ ವಿಷಯಗಳನ್ನೇ ಅವಲಂಬಿಸಿದೆ. ತುದಿಯ ಮುಚ್ಚಳವನ್ನು ಕೈಯಿಂದಲೇ ತಿರುಗಿಸಿ ನಳಿಗೆಯನ್ನು ಬದಲಾಯಿಸಬಹುದಾದುದರಿಂದ, ಬಾತುಗಳ ಬೇಟೆಗೆ ಉದ್ದ ನಳಿಗೆಯನ್ನೂ ಮನೆಯ ಕಾವಲಿಗೆ ಗಿಡ್ಡ ನಳಿಗೆಯನ್ನೂ ಇಟ್ಟುಕೊಳ್ಳುವ ರೂಢಿಯು ಬಂದಿತು. ನಳಿಗೆಯನ್ನು ಕತ್ತರಿಸಿ ಬಟ್ಟೆಯೊಳಗೆ ಮರೆಸಿಕೊಳ್ಳುವ ದರೋಡೆಕೋರರೂ ಹುಟ್ಟಿಕೊಂಡರು. 18 ಇಂಚಿಗಿಂತ ಗಿಡ್ಡವಾದ ನಳಿಗೆಯ ಚೆರೆಕೋವಿಗಳನ್ನು ಅಮೇರಿಕೆಯ ಸರಕಾರವು 1934ರ ಶಾಸನದಿಂದ ಕಟ್ಟುನಿಟ್ಟಾದ ನೋಂದಣಿಗೆ ಒಳಪಡಿಸಿತು.

ಈಗ ವ್ಯವಹಾರದ ಮಾತಿಗೆ ಬರೋಣ. ಈ ಕೋವಿಯ ಬೆಲೆಯೇನೆಂಬುದು ಬ್ರೌನಿಂಗನಿಗೆ ಚೆನ್ನಾಗಿ ತಿಳಿದಿತ್ತು. ಆದುದರಿಂದ ಆತನು ಹಳೆಯ ಪದ್ಧತಿಯನ್ನು ಬಿಟ್ಟು, ಮಾರಾಟವಾದ ಪ್ರತಿಯೊಂದು ಕೋವಿಗೂ ತನಗೊಂದು ಪಾಲು ಸಲ್ಲಬೇಕೆಂದು ಬೆನೆಟನನ್ನು ಕೇಳಿದನು. ಬೆನೆಟನು ಒಪ್ಪಲಿಲ್ಲ. ಪಾಲು ಕೊಡುವುದು ಕಂಪೆನಿಯ ವಾಡಿಕೆಯಲ್ಲವೆಂಬುದು ಅವನ ನಿಲುವು. ಕೊಟ್ಟಷ್ಟನ್ನು ಪಡೆಯುವ ಕಾಲವು ತನಗೆ ಮುಗಿಯಿತೆಂಬುದು ಇವನ ನಿಲುವು. 1902ರಲ್ಲಿ ಬ್ರೌನಿಂಗನು ತನ್ನ ಮಾದರಿಯನ್ನು ಮರಳಿ ಪಡೆದು ಆ ಕಚೇರಿಯಿಂದ ಹೊರಬಿದ್ದನು. ವಿಂಚೆಸ್ಟರಿನೊಡನೆ ಮತ್ತೆ ವ್ಯವಹರಿಸಲಿಲ್ಲ. ಅಲ್ಲಿಂದ ರೆಮಿಂಗ್ಟನ್ ಕಂಪೆನಿಯ ಅಧ್ಯಕ್ಷನಾದ ಹಾರ್ಟ್ಲಿಯನ್ನು ಕಾಣಹೋದನು. ಜನವರಿ 8ರ ಮಧ್ಯಾಹ್ನ ಬ್ರೌನಿಂಗನು ಕಚೇರಿಯಲ್ಲಿ ಕಾದು ಕುಳಿತಿದ್ದಂತೆಯೇ, ಹಾರ್ಟ್ಲಿಯು ಹೃದಯಸ್ತಂಭನದಿಂದ ತೀರಿಕೊಂಡ ಸುದ್ದಿಯು ಬಂದಿತು.

ಎರಡು ಬಾಗಿಲುಗಳು ಹೀಗೆ ಮುಚ್ಚಿದಾಗ ನಲವತ್ತೇಳರ ಪ್ರಾಯದ ಆ ಮನುಷ್ಯನು ಹಡಗು ಹತ್ತಿದನು. ಬೆಲ್ಜಿಯಮಿನ ಲೀಎಜ್ ನಗರದ ಸಮೀಪದ ಎರ್ಸ್ತಾಲಿನಲ್ಲಿ 1889ರಲ್ಲಿ ಸ್ಥಾಪಿತವಾದ ಫಾಬ್ರಿಕ್ ನಾಸ್ಯೊನಾಲ್ ಎಂಬ ಕಾರಖಾನೆಯವರು ಆಗಾಗಲೇ ಆತನ ಪಿಸ್ತೂಲನ್ನು ತಯಾರಿಸಿ ಕೀರ್ತಿಯನ್ನೂ ಲಾಭವನ್ನೂ ಗಳಿಸಿದ್ದರು. ಭಾಷೆ ಬೇರೆ, ಆಚಾರ ಬೇರೆ. ಆದರೆ ಕಬ್ಬಿಣದ ಭಾಷೆಯು ಇಬ್ಬರಿಗೂ ಒಂದೇ ಆಗಿತ್ತು. ಪಾಲಿನ ಷರತ್ತನ್ನು ಅವರು ಒಪ್ಪಿದರು. ಬ್ರೌನಿಂಗನೂ ತನ್ನ ಭಾರವನ್ನು ಅವರ ಮೇಲೆಯೇ ಹೊರಿಸದೆ, ಅಮೇರಿಕೆಯಲ್ಲಿ ಮಾರುವುದಕ್ಕೆಂದು 10,000 ಕೋವಿಗಳಿಗೆ ತಾನೇ ಬೇಡಿಕೆಯಿತ್ತನು. 1903ರಲ್ಲಿ ಆ ಕೋವಿಗಳು ಪೇಟೆಗೆ ಬಂದವು. ಬೆನ್ನು ಗೂನಾಗಿ ಕಾಣುವ ಆ ಆಕಾರವು ಬೇಟೆಗಾರರಿಗೆ ಬೇಗನೆ ಪರಿಚಿತವಾಯಿತು. 1905ರಿಂದ ರೆಮಿಂಗ್ಟನಿನವರೂ ಪರವಾನಿಗೆ ಪಡೆದು ತಯಾರಿಸತೊಡಗಿ ಎಂಟು ಲಕ್ಷಕ್ಕೂ ಮಿಕ್ಕಿ ಮಾರಿದರು.

ವಿಂಚೆಸ್ಟರಿನವರಿಗೆ ತಮ್ಮ ನಷ್ಟವು ತಡವಾಗಿ ಅರಿವಾಯಿತು. ತಮ್ಮದೇ ಒಂದು ಕೋವಿಯನ್ನು ಮಾಡಹೊರಟರೆ ಬ್ರೌನಿಂಗನ ಪೇಟೆಂಟು ಹೆಜ್ಜೆಹೆಜ್ಜೆಗೂ ಅಡ್ಡ ಬಂದಿತು. ಅಗುಳಿಗೆ ಹಿಡಿಯನ್ನಿಡುವಂತಿಲ್ಲವಾದುದರಿಂದ, ಅವರ 1911ರ ಮಾದರಿಯಲ್ಲಿ ನಳಿಗೆಯನ್ನೇ ಹಿಡಿದು ಹಿಂದಕ್ಕೆ ಒತ್ತಬೇಕಾಗಿತ್ತು. ತೋಟಾ ಸಿಕ್ಕಿಕೊಂಡಾಗ ಕೆಲವರು ಕೋವಿಯ ಹಿಂಬದಿಯನ್ನು ನೆಲಕ್ಕೂರಿ, ನಳಿಗೆಯ ಬಾಯನ್ನು ತಮ್ಮ ಮುಖಕ್ಕಿದಿರಾಗಿಟ್ಟು ಒತ್ತಿ ಪ್ರಾಣವನ್ನು ಕಳೆದುಕೊಂಡರು. ಕಾವಲಿಗೆಂದು ಮನೆಗೆ ತಂದ ಆಯುಧವು ಯಜಮಾನನನ್ನೇ ನುಂಗಬಲ್ಲುದೆಂಬುದಕ್ಕೆ ಬೇರೆ ದೃಷ್ಟಾಂತವು ಬೇಕಿಲ್ಲ.

ಬ್ರೌನಿಂಗನ ಆಯುಧಗಳೂ ಈ ಮಾತಿಗೆ ಹೊರತಲ್ಲ. 1914ರ ಜೂನ್ 28ರಂದು ಸರಾಯೇವೋ ನಗರದಲ್ಲಿ ಆಸ್ಟ್ರಿಯದ ಯುವರಾಜನನ್ನು ಕೊಂದ ಪಿಸ್ತೂಲು ಎರ್ಸ್ತಾಲಿನಲ್ಲಿ ತಯಾರಾದ ಬ್ರೌನಿಂಗನ ಮಾದರಿಯೇ. ಅದೇ ವರ್ಷ ಬೆಲ್ಜಿಯಮಿನ ಸರಕಾರವು ಆತನಿಗೆ ಬಿರುದನ್ನಿತ್ತು ಸನ್ಮಾನಿಸಿತ್ತು. ಆ ಕೊಲೆಯಿಂದ ಹೊತ್ತಿದ ಯುದ್ಧದಲ್ಲಿ ಅದೇ ಬೆಲ್ಜಿಯಮು ತುಳಿತಕ್ಕೆ ಸಿಕ್ಕಿತು. ಅಮೇರಿಕೆಯು ಯುದ್ಧಕ್ಕಿಳಿದಾಗ ಬ್ರೌನಿಂಗನು ತನ್ನ ಯಂತ್ರಬಂದೂಕುಗಳನ್ನು ಸರಕಾರಕ್ಕೆ ಒಪ್ಪಿಸಿದನು. 1917ರ ಪರೀಕ್ಷೆಯಲ್ಲಿ ಅವುಗಳಲ್ಲೊಂದು 20,000 ಗುಂಡುಗಳನ್ನು ಒಮ್ಮೆಯೂ ತಡೆಯದೆ ಹಾರಿಸಿತು. ವಿಂಚೆಸ್ಟರಿನೊಡನೆ ಪಾಲಿಗಾಗಿ ಹಟ ಹಿಡಿದ ಅದೇ ಮನುಷ್ಯನು, ಸ್ವದೇಶದ ಸರಕಾರವು ನೀಡಿದ ಮೊಬಲಗು ತನಗೆ ಸಲ್ಲಬಹುದಾದ ಪಾಲಿಗಿಂತ ಬಹಳ ಕಡಿಮೆಯಾಗಿದ್ದರೂ ಚರ್ಚಿಸದೆ ಒಪ್ಪಿಕೊಂಡನು. ಆತನ ಮಗ ವಾಲನು ಸೈನ್ಯದಲ್ಲಿ ಅಧಿಕಾರಿಯಾಗಿ, ತಂದೆಯು ಮಾಡಿದ ಬಂದೂಕನ್ನೇ ಹಿಡಿದು 1918ರಲ್ಲಿ ಫ್ರಾನ್ಸಿನ ರಣಾಂಗಣದಲ್ಲಿ ನಿಂತನು. ಲಾಭವೆಲ್ಲಿ, ಋಣವೆಲ್ಲಿ ಎಂಬ ವಿವೇಕವು ಆತನಿಗೆ ಇದ್ದಿತು.

ಕೊನೆಯವರೆಗೂ ಬ್ರೌನಿಂಗನು ಕೆಲಸವನ್ನು ಬಿಡಲಿಲ್ಲ. 1926ರ ನವೆಂಬರ 26ರಂದು ಎರ್ಸ್ತಾಲಿನ ಕಾರಖಾನೆಯಲ್ಲಿ, ಮಗನ ಕಚೇರಿಯಲ್ಲಿಯೇ, ಹೃದಯಾಘಾತದಿಂದ ಆತನು ಅಸುನೀಗಿದನು. ಆಗ ಎಪ್ಪತ್ತೊಂದು ವರ್ಷ. ಆತನ ಹೆಸರಿನಲ್ಲಿ 128 ಪೇಟೆಂಟುಗಳಿದ್ದವು. ಅಪೂರ್ಣವಾಗಿ ಉಳಿದ ಪಿಸ್ತೂಲನ್ನು ಎರ್ಸ್ತಾಲಿನ ಸೇವ್ ಎಂಬ ಶಿಲ್ಪಿಯು 1935ರಲ್ಲಿ ಪೂರ್ತಿಗೊಳಿಸಿದನು. ಅದೇ ಮಾದರಿಯ ಪಿಸ್ತೂಲು ಬಂಗಾಳದ ಈಶಾಪುರದ ಸರಕಾರಿ ಕಾರಖಾನೆಯಲ್ಲಿ ನಮ್ಮ ಸೈನ್ಯಕ್ಕಾಗಿಯೂ ತಯಾರಾಯಿತು. ಗೂನುಬೆನ್ನಿನ ಚೆರೆಕೋವಿಯಾದರೋ ಎರಡು ಮಹಾಯುದ್ಧಗಳನ್ನು ದಾಟಿ, ಮುಂದೆ ಜಪಾನಿನಲ್ಲಿಯೂ ತಯಾರಾಗಿ, 1998ರವರೆಗೆ ನಡೆಯಿತು. ಮೂಲರಚನೆಯು ಬಹುಮಟ್ಟಿಗೆ ಬದಲಾಗದೆ ತೊಂಬತ್ತೈದು ವರ್ಷ ಬಾಳಿದ ಯಂತ್ರವು ಲೋಕದಲ್ಲಿ ಅಪರೂಪ.

ನಮ್ಮ ದೇಶದಲ್ಲಿ ಕೋವಿಯನ್ನಿಡುವವರು 1959ರ ಆಯುಧ ಕಾಯಿದೆಯಂತೆ ಪರವಾನಿಗೆ ಪಡೆಯಬೇಕು. ಕೊಡಗಿನವರಿಗೆ ಮಾತ್ರ ಪೂರ್ವದಿಂದಲೂ ವಿನಾಯಿತಿಯಿದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಕೋವಿಗೆ ಹೂವೇರಿಸುವುದು ಭಯದಿಂದಲ್ಲ, ಗೌರವದಿಂದ. ಅದರಲ್ಲಿ ಒಂದು ಶಿಸ್ತು ಅಡಗಿದೆ. ಕೋವಿಯನ್ನು ಇಟ್ಟುಕೊಳ್ಳಬೇಕೆಂದಿರುವವನು ಮೊದಲು ಅದರ ಒಳಗನ್ನು ಅರಿಯಬೇಕು, ಶುಚಿಯಾಗಿಡಬೇಕು, ತೋಟಾಗಳನ್ನು ಬೇರೆಡೆ ಬೀಗದೊಳಗಿಟ್ಟು ಮಕ್ಕಳ ಕೈಗೆಟುಕದಂತೆ ಕಾಯಬೇಕು. ಇಷ್ಟು ಜವಾಬ್ದಾರಿಯನ್ನು ಹೊರಲಾರದವನಿಗೆ ಗಟ್ಟಿ ಬಾಗಿಲೂ ಒಳ್ಳೆಯ ನೆರೆಹೊರೆಯೂ ಲೇಸು. ಹತ್ತು ವರ್ಷದ ಹುಡುಗನಾಗಿದ್ದಾಗ ಕಸದ ರಾಶಿಯಲ್ಲಿ ಕೈಯಾಡಿಸಿದ ಬ್ರೌನಿಂಗನು ಎಪ್ಪತ್ತೊಂದರಲ್ಲಿಯೂ ಅರವನ್ನು ಕೆಳಗಿಡಲಿಲ್ಲ. ತನ್ನ ಕೈಕೆಲಸದ ಬೆಲೆಯನ್ನು ತಾನೇ ಅರಿತು, ಅದು ಸಲ್ಲದ ಕಡೆಯಿಂದ ಎದ್ದು, ಸಲ್ಲುವ ಕಡೆಗೆ ನಡೆದ ಆ ಧೈರ್ಯವು ಯಾವ ಕಸುಬಿನವನಿಗಾದರೂ ಅನುಕರಣೀಯವಾದುದು.