ಬಹುಶಃ ಎಂಬುದಕ್ಕೆ ಅಂಕಿ ಕೊಟ್ಟ ಮೇಷ್ಟರು: ಶರ್ಮನ್ ಕೆಂಟ್

ಶರ್ಮನ್ ಕೆಂಟ್ 1903ರಲ್ಲಿ ಅಮೆರಿಕದ ಷಿಕಾಗೋದಲ್ಲಿ ಹುಟ್ಟಿದರು. ಯೇಲ್ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲಿಯೇ ಇತಿಹಾಸದ ಅಧ್ಯಾಪಕರಾದರು. ಇತಿಹಾಸ ಬರೆಯುವುದು ಹೇಗೆಂದು ವಿದ್ಯಾರ್ಥಿಗಳಿಗೆ ತಿಳಿಸುವ ಕೈಪಿಡಿಯನ್ನು 1941ರಲ್ಲಿ ಪ್ರಕಟಿಸಿದರು. ಎರಡನೆಯ ಮಹಾಯುದ್ಧ ಅವರನ್ನು ತರಗತಿಯಿಂದ ಗುಪ್ತಚರ ಕೆಲಸಕ್ಕೆ ಎಳೆದೊಯ್ದಿತು. ವೇಷ ಮರೆಸಿ ಓಡಾಡುವ ಗೂಢಚಾರರು ಅವರಲ್ಲ. ಬಂದ ಸುದ್ದಿಗಳನ್ನು ಓದಿ, ತೂಗಿ, ಮುಂದೇನಾದೀತೆಂದು ಅಂದಾಜಿಸುವುದು ಅವರ ಕೆಲಸ. ಸಿಐಎಯ ಅಂದಾಜು ಕಚೇರಿಗೆ 1952ರಿಂದ 1967ರವರೆಗೆ ಅವರೇ ಮುಖ್ಯಸ್ಥರು.

ಅದಕ್ಕೂ ಮೊದಲು, 1951ರಲ್ಲಿ, ಯುಗೊಸ್ಲಾವಿಯದ ಮೇಲೆ ಸೋವಿಯತ್ ಬಣದ ದಾಳಿಯ ಗಂಭೀರ ಸಾಧ್ಯತೆ ಇದೆಯೆಂದು ಆ ಕಚೇರಿ ವರದಿ ಮಾಡಿತು. ಹಾಗೆಂದರೆ ಎಷ್ಟು ಎಂದು ವಿದೇಶಾಂಗ ಖಾತೆಯ ಹಿರಿಯ ಅಧಿಕಾರಿಯೊಬ್ಬರು ಕೇಳಿದಾಗ, ನೂರಕ್ಕೆ 65 ಎಂದರು ಕೆಂಟ್. ಅಧಿಕಾರಿ ಬೆಚ್ಚಿದರು, ಅವರು ಬಹಳ ಕಡಿಮೆ ಎಂದುಕೊಂಡಿದ್ದರು. ಕೆಂಟ್ ಆಮೇಲೆ ವರದಿಗೆ ಒಪ್ಪಿಗೆ ಕೊಟ್ಟಿದ್ದ ಸಹೋದ್ಯೋಗಿಗಳನ್ನು ಒಬ್ಬೊಬ್ಬರನ್ನಾಗಿ ಕೇಳಿದರು. ಉತ್ತರಗಳು 20ರಿಂದ 80ರವರೆಗೆ ಹರಡಿದ್ದವು. ಎಲ್ಲರೂ ಒಪ್ಪಿದ್ದು ಪದಕ್ಕೆ, ಅರ್ಥಕ್ಕಲ್ಲ!

ಅವರೊಳಗಿನ ಮೇಷ್ಟರು ಒಂದು ಪಟ್ಟಿ ಮಾಡಿದರು. ಬಹುತೇಕ ಖಚಿತವೆಂದರೆ ಸುಮಾರು 93, ಸಂಭವನೀಯವೆಂದರೆ 75, ಸಮಸಮವೆಂದರೆ 50. ಪ್ರತಿಯೊಂದಕ್ಕೂ ತುಸು ಹೆಚ್ಚುಕಡಿಮೆಯ ಅವಕಾಶ. (ಗಣಿತದ ಪ್ರಶಿಕ್ಷಣಾರ್ಥಿಗಳು ಸಂಭವನೀಯತೆಯ ಪಾಠಕ್ಕೆ ಇದನ್ನೇ ಪೀಠಿಕೆ ಮಾಡಿಕೊಳ್ಳಬಹುದು. ನಾಳೆ ಬಹುಶಃ ಮಳೆ ಬರುತ್ತದೆ ಎಂದು ಕಪ್ಪುಹಲಗೆಯ ಮೇಲೆ ಬರೆದು, ನೂರಕ್ಕೆ ಎಷ್ಟೆಂದು ಪ್ರತಿ ಮಗುವಿನಿಂದಲೂ ಚೀಟಿಯಲ್ಲಿ ಬರೆಸಿ ನೋಡಿ.) ಅಂಕಿ ಹಾಕಿದರೆ ಇಲ್ಲದ ನಿಖರತೆ ತೋರಿಸಿದಂತಾಗುತ್ತದೆಂದು ಹಲವರು ವಿರೋಧಿಸಿದರು. ಆ ವಾದದಲ್ಲೂ ಹುರುಳಿದೆ. ಕೆಂಟ್ ಅಂಥವರನ್ನು ಕವಿಗಳೆಂದು ಕರೆದರು. ಪಟ್ಟಿ ಮಾತ್ರ ಜಾರಿಗೆ ಬರಲಿಲ್ಲ.

ಪದದ ಅರ್ಥ ಸ್ಪಷ್ಟವಾದ ಮಾತ್ರಕ್ಕೆ ಅಂದಾಜು ಸರಿಯಾಗಬೇಕೆಂದಿಲ್ಲ. ಸೋವಿಯತ್ ಒಕ್ಕೂಟ ಕ್ಯೂಬಾದಲ್ಲಿ ಅಣ್ವಸ್ತ್ರ ಕ್ಷಿಪಣಿಗಳನ್ನು ಇಡಲಾರದೆಂದು 1962ರ ಸೆಪ್ಟೆಂಬರಿನಲ್ಲಿ ಕೆಂಟ್‌ರ ಕಚೇರಿ ಹೇಳಿತು; ಅಕ್ಟೋಬರ್ 14ರಂದು ಯು-2 ವಿಮಾನ ತೆಗೆದ ಚಿತ್ರಗಳಲ್ಲಿ ಕ್ಷಿಪಣಿಗಳೇ ಕಂಡವು. ಎದುರಾಳಿಯ ಹಳೆಯ ರೂಢಿ ನೋಡಿ ಮುಂದಿನ ಹೆಜ್ಜೆ ಊಹಿಸಿದ್ದರು, ಎದುರಾಳಿ ರೂಢಿ ಮುರಿದಿದ್ದ. ಆ ಅಂದಾಜನ್ನು ಕೆಂಟ್ ತಾವೇ ಲೇಖನ ಬರೆದು ಪರಿಶೀಲಿಸಿದರು. ತಪ್ಪು ಲೆಕ್ಕ ಹಾಕಿದ್ದು ಕ್ರುಶ್ಚೇವ್ ಎಂಬ ಅವರ ಸಮರ್ಥನೆ ಮಾತ್ರ ಪೂರ್ತಿ ಒಪ್ಪುವಂಥದಲ್ಲ.

ಕೆಂಟ್ 1986ರಲ್ಲಿ ತೀರಿಕೊಂಡರು. ಸೈಬರ್ ದಾಳಿಗಳ ಕಾಲವನ್ನು ಅವರು ಕಾಣಲಿಲ್ಲ, ಆದರೆ ತೊಡಕು ಅದೇ. 2018ರ ಚಳಿಗಾಲದ ಒಲಿಂಪಿಕ್ಸ್ ಉದ್ಘಾಟನೆಯ ದಿನ ದಕ್ಷಿಣ ಕೊರಿಯಾದಲ್ಲಿ ಕ್ರೀಡಾಕೂಟದ ಕಂಪ್ಯೂಟರ್ ಜಾಲ ಕುಸಿಯಿತು. ಕುತಂತ್ರಾಂಶದಲ್ಲಿ ಉತ್ತರ ಕೊರಿಯಾದ ಕಡೆ ಬೆರಳು ಮಾಡುವ ಗುರುತುಗಳಿದ್ದವು. ಅವು ದಾರಿ ತಪ್ಪಿಸಲೆಂದೇ ಇಟ್ಟ ಸುಳ್ಳು ಗುರುತುಗಳೆಂದು ಪತ್ತೆಹಚ್ಚಿದ್ದು ಅನುಮಾನ ಬಿಡದೆ ಮತ್ತೆ ಮತ್ತೆ ನೋಡಿದ ಪರಿಣತರು. 2020ರಲ್ಲಿ ಅಮೆರಿಕ ರಷ್ಯದ ಸೇನಾ ಗುಪ್ತಚರ ಅಧಿಕಾರಿಗಳ ಮೇಲೆ ಆರೋಪ ಹೊರಿಸಿತು. ಇಂಥ ವರದಿ ಬರೆಯುವ ಅಮೆರಿಕದ ಗುಪ್ತಚರ ವಿಶ್ಲೇಷಕರು ಈಗ 2015ರ ನಿಯಮವೊಂದನ್ನು ಪಾಲಿಸಬೇಕು. ಅದರ ಪ್ರಕಾರ ಬಹುತೇಕ ಖಚಿತವೆಂದರೆ ನೂರಕ್ಕೆ 95ರಿಂದ 99.