ಎಡ್ವಿನ್ ಹೋಮ್ಸ್

ಎಡ್ವಿನ್ ಹೋಮ್ಸ್ (೧೮೨೦–೧೯೦೧) ಅಮೇರಿಕ ಸಂಯುಕ್ತ ಸಂಸ್ಥಾನದ ಒಬ್ಬ ಉದ್ಯಮಿ. ಬರ್ಗ್ಲರ್ ಅಲಾರಂ ಎಂದು ಕರೆಯಲಾಗುವ ವಿದ್ಯುತ್ ಎಚ್ಚರಿಕೆ ಗಂಟೆಯನ್ನು ಮನೆಗಳಲ್ಲಿಯೂ ಅಂಗಡಿ, ಬ್ಯಾಂಕುಗಳಲ್ಲಿಯೂ ಅಳವಡಿಸುವ ಕೆಲಸವನ್ನು ಒಂದು ಉದ್ಯಮವಾಗಿ ಬೆಳೆಸಿದವರು ಇವರು. ಇವರನ್ನೇ ಕಳ್ಳಗಂಟೆಯ ಸಂಶೋಧಕರೆಂದು ಕೆಲವೆಡೆ ಬರೆಯುವುದುಂಟು. ಆದರೆ ಅದರ ಮೂಲ ಸಂಶೋಧಕರು ಅಗಸ್ಟಸ್ ರಸೆಲ್ ಪೋಪ್. ಗಂಟೆಯನ್ನು ಮನೆಯ ಗೋಡೆಯೊಳಗೆ ಸರಿಯಾಗಿ ಕೂರಿಸಿದ್ದು ಮತ್ತು ಆ ಗಂಟೆಯನ್ನು ಕೇಳುವ ಕಿವಿಯೊಂದನ್ನು ರಾತ್ರಿಯಿಡೀ ಎಚ್ಚರವಾಗಿ ಇರಿಸಿದ್ದು ಹೋಮ್ಸ್ ಅವರ ನಿಜವಾದ ಸಾಧನೆಯಾಗಿದೆ.

ಆರಂಭಿಕ ಜೀವನ

ಹೋಮ್ಸ್ ಅವರು ೧೮೨೦ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯದ ವೆಸ್ಟ್ ಬಾಯ್ಲ್‌ಸ್ಟನ್ ಎಂಬ ಊರಿನಲ್ಲಿ ಜನಿಸಿದರು. ಮುಂದೆ ಬಾಸ್ಟನ್ ನಗರದಲ್ಲಿ ನೆಲೆಸಿ, ಸೂಜಿ, ದಾರ, ಗುಂಡಿ ಹಾಗೂ ಮಹಿಳೆಯರ ಉಡುಪಿಗೆ ಬೇಕಾದ ಸಣ್ಣಪುಟ್ಟ ಸರಕುಗಳ ವ್ಯಾಪಾರ ನಡೆಸಿದರು. ವಿದ್ಯುತ್ತಿಗೂ ಈ ವ್ಯಾಪಾರಕ್ಕೂ ಸಂಬಂಧವಿಲ್ಲವೆಂದು ತೋರಬಹುದು. ಆದರೆ ಇದೇ ಅನುಭವ ಮುಂದೆ ಅವರಿಗೆ ಅನಿರೀಕ್ಷಿತವಾಗಿ ನೆರವಾಯಿತು.

ಪೋಪ್ ಅವರ ಸಂಶೋಧನೆ

ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದವರೆಗೆ ಮನೆಯ ರಕ್ಷಣೆಗೆ ಅಗುಳಿ, ಬೀಗ, ನಾಯಿ ಮತ್ತು ಬೀದಿ ಸುತ್ತುವ ಕಾವಲುಗಾರ ಇವೇ ಆಧಾರವಾಗಿದ್ದವು. ಟೆಲಿಗ್ರಾಫ್ ಬಳಕೆಗೆ ಬಂದ ಮೇಲೆ, ದೂರದ ಗಂಟೆಯನ್ನು ತಂತಿಯ ಮೂಲಕ ಬಾರಿಸಬಹುದೆಂಬ ತಿಳಿವಳಿಕೆ ಹರಡಿತು. ಬಾಸ್ಟನ್ ಸಮೀಪದ ಸೋಮರ್‌ವಿಲ್ ಊರಿನ ಪಾದ್ರಿ ಅಗಸ್ಟಸ್ ರಸೆಲ್ ಪೋಪ್ ಅವರು ಈ ತತ್ತ್ವವನ್ನು ಬಳಸಿ, ೧೮೫೩ರ ಜೂನ್ ೨೧ರಂದು ವಿದ್ಯುತ್ಕಾಂತೀಯ ಎಚ್ಚರಿಕೆ ಗಂಟೆಗೆ ಪೇಟೆಂಟ್ ಪಡೆದರು.

ಅದರ ರಚನೆ ಸರಳವಾಗಿತ್ತು. ಪ್ರತಿಯೊಂದು ಬಾಗಿಲು ಮತ್ತು ಕಿಟಕಿಗೂ ಒಂದೊಂದು ಸಂಪರ್ಕ ಬಿಂದುವನ್ನು ಜೋಡಿಸಿ, ಅವೆಲ್ಲವನ್ನೂ ಸಮಾಂತರವಾಗಿ ಒಂದು ಬ್ಯಾಟರಿಗೆ ಸೇರಿಸಲಾಗುತ್ತಿತ್ತು. ಯಾವುದೇ ಬಾಗಿಲು ತೆರೆದರೆ ಮಂಡಲ ಪೂರ್ಣಗೊಂಡು ವಿದ್ಯುತ್ ಹರಿಯುತ್ತಿತ್ತು. ಆಗ ವಿದ್ಯುತ್ಕಾಂತವು ಒಂದು ಸಣ್ಣ ಸುತ್ತಿಗೆಯನ್ನು ಕಂಪಿಸುವಂತೆ ಮಾಡಿ ಹಿತ್ತಾಳೆಯ ಗಂಟೆಯನ್ನು ಬಾರಿಸುತ್ತಿತ್ತು. ಒಳನುಗ್ಗಿದವನು ತಕ್ಷಣವೇ ಬಾಗಿಲು ಮುಚ್ಚಿದರೂ ಗಂಟೆ ನಿಲ್ಲದಂತೆ ಒಂದು ಸ್ಪ್ರಿಂಗ್ ಪ್ರವಾಹವನ್ನು ಮುಂದುವರಿಸುತ್ತಿತ್ತು. ಒಮ್ಮೆ ಎಚ್ಚರಗೊಂಡ ಅಲಾರಂ ಮನೆಯವರು ನಿಲ್ಲಿಸುವವರೆಗೂ ಸುಮ್ಮನಾಗಬಾರದೆಂಬ ಈ ನಿಯಮ ಇಂದಿನ ಸಾಧನಗಳಲ್ಲಿಯೂ ಕಾಣುತ್ತದೆ.

ಪೋಪ್ ಅವರು ೧೮೫೭ರಲ್ಲಿ ತಮ್ಮ ಹಕ್ಕುಗಳನ್ನು ಹೋಮ್ಸ್ ಅವರಿಗೆ ಮಾರಿದರು ಮತ್ತು ಮರುವರ್ಷವೇ ನಿಧನರಾದರು. ತಮ್ಮ ಕಲ್ಪನೆ ಊರೂರುಗಳ ಮನೆಗಳನ್ನು ಸೇರಿದುದನ್ನು ನೋಡುವ ಅವಕಾಶ ಅವರಿಗೆ ದೊರೆಯಲಿಲ್ಲ.

ಅಳವಡಿಕೆಯ ಸಮಸ್ಯೆಗಳು

ಹಕ್ಕು ಕೈಸೇರಿದ ಮೇಲೆಯೇ ನಿಜವಾದ ತೊಡಕುಗಳು ಹೋಮ್ಸ್ ಅವರ ಗಮನಕ್ಕೆ ಬಂದವು. ಮನೆಯ ಗೋಡೆ ಮತ್ತು ನೆಲದ ಅಡಿಯಲ್ಲಿ ಹಾಯಿಸಲು ಬೇಕಾದ, ಹೊದಿಕೆಯುಳ್ಳ ತಾಮ್ರದ ತಂತಿ ಆಗ ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಬರಿಯ ತಂತಿಗಳು ಒಂದಕ್ಕೊಂದು ತಾಗಿದರೆ ಕಾರಣವಿಲ್ಲದೆ ಗಂಟೆ ಬಾರಿಸುತ್ತಿತ್ತು. ಆ ಕಾಲದ ಮಹಿಳೆಯರ ಅಗಲವಾದ ಲಂಗಗಳನ್ನು ಹಿಡಿದು ನಿಲ್ಲಿಸುತ್ತಿದ್ದ ಉಕ್ಕಿನ ತಂತಿಗಳಿಗೆ ಯಂತ್ರದ ಮೂಲಕ ದಾರ ಸುತ್ತುವ ಪದ್ಧತಿಯಿತ್ತು. ಸರಕಿನ ವ್ಯಾಪಾರದಿಂದ ಇದನ್ನು ಬಲ್ಲ ಹೋಮ್ಸ್ ಅವರು ಅದೇ ವಿಧಾನದಲ್ಲಿ ತಾಮ್ರದ ತಂತಿಗೂ ಹೊದಿಕೆ ಮಾಡಿಸಿಕೊಂಡರು.

ಎರಡನೆಯ ತೊಡಕು ಜನರ ಅಪನಂಬಿಕೆ. ವಿದ್ಯುತ್ ದೀಪ ಇನ್ನೂ ಯಾವ ಮನೆಗೂ ಬಂದಿರದ ಕಾಲವದು. ಕಣ್ಣಿಗೆ ಕಾಣದ ಶಕ್ತಿಯೊಂದು ಮಧ್ಯರಾತ್ರಿ ತಮ್ಮನ್ನು ಕಾಯುವುದೆಂದು ಒಪ್ಪಲು ಗೃಹಸ್ಥರು ಸಿದ್ಧರಿರಲಿಲ್ಲ. ಬಾಸ್ಟನ್ನಿನಲ್ಲಿ ನಿರೀಕ್ಷಿಸಿದಷ್ಟು ಬೇಡಿಕೆ ಕಾಣದಿದ್ದಾಗ, ೧೮೫೯ರಲ್ಲಿ ಹೋಮ್ಸ್ ಅವರು ಹೆಚ್ಚು ಜನಸಂಖ್ಯೆಯೂ ಹೆಚ್ಚು ಕಳ್ಳತನಗಳೂ ಇದ್ದ ನ್ಯೂಯಾರ್ಕ್ ನಗರಕ್ಕೆ ತೆರಳಿದರು. ಅಲ್ಲಿ ತಮ್ಮ ಸಾಧನವನ್ನು ಬಳಸುತ್ತಿದ್ದವರ ಹೆಸರು ಮತ್ತು ಅಭಿಪ್ರಾಯಗಳನ್ನು ಸಂಗ್ರಹಿಸಿ ಕಿರುಪುಸ್ತಕಗಳಾಗಿ ಪ್ರಕಟಿಸಿದರು. ಪರಿಚಿತ ಮನೆತನಗಳ ಅನುಭವವನ್ನು ಓದಿದ ಜನರಲ್ಲಿ ಕ್ರಮೇಣ ವಿಶ್ವಾಸ ಮೂಡಿತು.

ಕೇಂದ್ರ ಕಾವಲು ಕಚೇರಿ

ಮನೆಯೊಳಗಿನ ಗಂಟೆಗೆ ಎರಡು ಮಿತಿಗಳಿದ್ದವು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಅದನ್ನು ಕೇಳುವವರಿರಲಿಲ್ಲ. ಅಲ್ಲದೆ, ಬಾಗಿಲು ತೆರೆದಾಗ ಮಾತ್ರ ವಿದ್ಯುತ್ ಹರಿಯುವ ಏರ್ಪಾಡಿನಲ್ಲಿ ಯಾರಾದರೂ ತಂತಿಯನ್ನು ಕತ್ತರಿಸಿದರೆ, ಅಥವಾ ಬ್ಯಾಟರಿ ಬರಿದಾದರೆ, ಅದು ಯಾರ ಗಮನಕ್ಕೂ ಬರುತ್ತಿರಲಿಲ್ಲ.

೧೮೭೦ರ ದಶಕದಲ್ಲಿ ಹೋಮ್ಸ್ ಅವರು ಇದಕ್ಕೆ ಪರಿಹಾರ ಕಂಡುಕೊಂಡರು. ಬ್ಯಾಂಕುಗಳು ಮತ್ತು ಅಂಗಡಿಗಳಿಂದ ತಂತಿಗಳನ್ನು ಕಟ್ಟಡಗಳ ಛಾವಣಿಗಳ ಮೇಲೆ ಹಾಯಿಸಿ ಒಂದು ಕೇಂದ್ರ ಕಚೇರಿಗೆ ತರಲಾಯಿತು. ಅಲ್ಲಿ ನೌಕರರು ರಾತ್ರಿಯಿಡೀ ಕುಳಿತು ಸಂಕೇತಗಳನ್ನು ಗಮನಿಸುತ್ತಿದ್ದರು ಮತ್ತು ಅನುಮಾನ ಬಂದ ಸ್ಥಳಕ್ಕೆ ಕಾವಲುಗಾರರನ್ನು ಕಳುಹಿಸುತ್ತಿದ್ದರು. ತಂತಿಯಲ್ಲಿ ಸದಾ ವಿದ್ಯುತ್ ಹರಿಯುವಂತೆ ಮಾಡಿದಾಗ ತಂತಿ ತುಂಡಾಗುವುದೂ ಒಂದು ಎಚ್ಚರಿಕೆಯೇ ಆಗುತ್ತದೆ. ಇಂಥ ಮುಚ್ಚಿದ ಮಂಡಲವೇ ಮುಂದೆ ಈ ಕ್ಷೇತ್ರದಲ್ಲಿ ರೂಢಿಯಾಯಿತು. ಹೀಗೆ ಒಮ್ಮೆ ಕೊಂಡು ತರುವ ವಸ್ತುವಾಗಿದ್ದ ಅಲಾರಂ, ನಿರಂತರವಾಗಿ ಪಡೆಯುವ ಸೇವೆಯಾಗಿ ಬದಲಾಯಿತು.

ದೂರವಾಣಿಯೊಂದಿಗೆ ಸಂಬಂಧ

ಹೋಮ್ಸ್ ಅವರ ಉಪಕರಣಗಳು ಬಾಸ್ಟನ್ನಿನಲ್ಲಿ ಚಾರ್ಲ್ಸ್ ವಿಲಿಯಮ್ಸ್ ಅವರ ಕಾರ್ಯಾಗಾರದಲ್ಲಿ ತಯಾರಾಗುತ್ತಿದ್ದವು. ಅಲೆಕ್ಸಾಂಡರ್ ಗ್ರಹಾಂ ಬೆಲ್ ಮತ್ತು ಅವರ ಸಹಾಯಕ ಥಾಮಸ್ ವಾಟ್ಸನ್ ದೂರವಾಣಿಯ ಪ್ರಯೋಗಗಳನ್ನು ನಡೆಸಿದ್ದೂ ಅದೇ ಕಾರ್ಯಾಗಾರದಲ್ಲಿ. ಈಗಾಗಲೇ ಊರ ತುಂಬ ಹರಡಿದ್ದ ತಮ್ಮ ತಂತಿಗಳು ರಾತ್ರಿ ಮಾತ್ರ ಬಳಕೆಯಾಗುತ್ತಿದ್ದುದನ್ನು ಹೋಮ್ಸ್ ಅವರು ಬಲ್ಲವರಾಗಿದ್ದರು. ೧೮೭೭ರ ಮೇ ತಿಂಗಳಲ್ಲಿ ಬಾಸ್ಟನ್ನಿನ ಕೆಲವು ಬ್ಯಾಂಕುಗಳಲ್ಲಿದ್ದ ಆ ತಂತಿಗಳಿಗೆ ದೂರವಾಣಿಗಳನ್ನು ಜೋಡಿಸಲಾಯಿತು. ಒಂದೇ ತಂತಿ ಹಗಲಿನಲ್ಲಿ ಮಾತನ್ನು, ರಾತ್ರಿಯಲ್ಲಿ ಎಚ್ಚರಿಕೆಯನ್ನು ಒಯ್ಯತೊಡಗಿತು. ದೂರವಾಣಿ ವಿನಿಮಯ ಕೇಂದ್ರದ ಇತಿಹಾಸದಲ್ಲಿ ಈ ಪ್ರಯೋಗಕ್ಕೆ ಮೊದಲ ಹೆಜ್ಜೆಯ ಸ್ಥಾನವಿದೆ. ಇದನ್ನು ನಡೆಸುವಲ್ಲಿ ಅವರ ಮಗ ಎಡ್ವಿನ್ ಥಾಮಸ್ ಹೋಮ್ಸ್ ಅವರ ಪಾತ್ರವೂ ಮುಖ್ಯವಾದುದು.

ಮುಂದೆ ಹೋಮ್ಸ್ ಅವರು ನ್ಯೂಯಾರ್ಕಿನ ಬೆಲ್ ದೂರವಾಣಿ ಕಂಪನಿಯ ಅಧ್ಯಕ್ಷರಾದರು. ೧೮೮೦ರ ಸುಮಾರಿಗೆ ಅದರಲ್ಲಿದ್ದ ತಮ್ಮ ಪಾಲನ್ನು ಒಂದು ಲಕ್ಷ ಡಾಲರುಗಳಿಗೆ ಮಾರಿದರು. ಆದರೆ ಅಲಾರಂ ಸೇವೆಗಾಗಿ ದೂರವಾಣಿ ತಂತಿಗಳನ್ನು ಬಳಸುವ ಹಕ್ಕನ್ನು ತಮ್ಮಲ್ಲಿಯೇ ಉಳಿಸಿಕೊಂಡರು. ದೂರವಾಣಿಯ ಭವಿಷ್ಯ ಉಜ್ವಲವಾಗಿದ್ದರೂ ಅವರು ತಮ್ಮ ಮೂಲ ಕಾಯಕಕ್ಕೇ ಮರಳಿದರು.

ಕೊನೆಯ ದಿನಗಳು ಮತ್ತು ಪರಂಪರೆ

ಹೋಮ್ಸ್ ಅವರು ೧೯೦೧ರಲ್ಲಿ ನಿಧನರಾದರು. ಅವರ ಮಗ ಈ ಉದ್ಯಮದ ಐವತ್ತು ವರ್ಷಗಳ ಚರಿತ್ರೆಯನ್ನು ೧೯೧೭ರಲ್ಲಿ ಪುಸ್ತಕವಾಗಿ ಬರೆದರು. ಹೋಮ್ಸ್ ಹೆಸರಿನ ರಕ್ಷಣಾ ಸಂಸ್ಥೆ ನ್ಯೂಯಾರ್ಕಿನಲ್ಲಿ ೧೯೯೦ರ ದಶಕದವರೆಗೂ ಕಾರ್ಯನಿರ್ವಹಿಸಿತು.

ಇಂದಿನ ಮನೆಗಳಲ್ಲಿ ಹೊದಿಕೆಯ ತಂತಿಯ ಬದಲು ನಿಸ್ತಂತು ಸಂವೇದಕಗಳೂ, ಹಿತ್ತಾಳೆಯ ಗಂಟೆಯ ಬದಲು ಮೊಬೈಲ್ ಸಂದೇಶಗಳೂ ಬಂದಿವೆ. ಬಾಗಿಲಿನ ಚೌಕಟ್ಟಿಗೆ ಅಂಟಿಸುವ ಪುಟ್ಟ ಅಯಸ್ಕಾಂತ ಸ್ವಿಚ್ಚು ಪೋಪ್ ಅವರ ಸಂಪರ್ಕ ಬಿಂದುವಿನ ಕೆಲಸವನ್ನೇ ಮಾಡುತ್ತದೆ. ಅಲಾರಂ ಆರಿಸಿಕೊಳ್ಳುವವರ ಮುಂದಿರುವ ಪ್ರಶ್ನೆಗಳೂ ಹೋಮ್ಸ್ ಎದುರಿಸಿದವೇ ಆಗಿವೆ. ಯಾವ ಬಾಗಿಲು, ಯಾವ ಕಿಟಕಿ ಕಾವಲಿನಿಂದ ಹೊರಗುಳಿದಿದೆ? ವಿದ್ಯುತ್ತು ಅಥವಾ ಸಂಪರ್ಕ ಕಡಿದುಹೋದರೆ ಅದು ತಿಳಿಯುವುದೇ? ಕಾರಣವಿಲ್ಲದೆ ಪದೇ ಪದೇ ಕೂಗಿ, ಮನೆಯವರೇ ಅದನ್ನು ಆರಿಸಿಡುವಂತೆ ಆಗುವುದೇ? ಮನೆ ಖಾಲಿಯಿರುವಾಗ ಕರೆಯನ್ನು ಕೇಳಿ ಬರುವವರು ಯಾರು? ಕೊನೆಯ ಪ್ರಶ್ನೆಗೆ ಉತ್ತರವಾಗಿ ಕೇಂದ್ರ ಕಚೇರಿಯನ್ನು ಕಟ್ಟಿದ್ದರಿಂದಲೇ, ಸ್ವತಃ ಗಂಟೆಯನ್ನು ಕಂಡುಹಿಡಿಯದಿದ್ದರೂ ಹೋಮ್ಸ್ ಅವರ ಹೆಸರು ಈ ಕ್ಷೇತ್ರದ ಚರಿತ್ರೆಯಲ್ಲಿ ಉಳಿದಿದೆ.